ಬೆಂಚಿನ ಮೇಲೆ ಕೂತ ಕೀಪರ್‌ಗೆ

ಫುಟ್‌ಬಾಲ್ ಗೋಲ್‌ಕೀಪರ್ ಆಗಿ ಹದಿಮೂರು ಸೀಸನ್ ಆಯಿತು. ಮೊನ್ನೆ ಗ್ಲೌಸ್ ಬಿಚ್ಚಿದ್ದು ಕೊನೆಯ ಸಲ. ಅಂದಿನಿಂದ ಬರುತ್ತಿರುವ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಬರೆಯಲು ಆಗುತ್ತಿಲ್ಲ, ಅದಕ್ಕೇ ಇದು. ಭುಜದ ಕಥೆ, ತಂಡ ಬದಲಾದ ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ತೆಗೆಯುವುದಿಲ್ಲ.

ಬೆಂಗಳೂರಿನ ಆಸ್ಟಿನ್ ಟೌನ್ ಗ್ರೌಂಡಿನಲ್ಲಿ ಮೊದಲು ಗೋಲಿಗೆ ನಿಲ್ಲಿಸಿದ ಕೋಚ್, ಭುಜ ನೆಟ್ಟಗೆ ಮಾಡಿದ ಫಿಸಿಯೋ, ಕಿಟ್ ನೋಡಿಕೊಂಡವರು, ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿದ ಅಮ್ಮ, ಗೋಲಿನ ಹಿಂದೆಯೇ ನಿಂತು ಬೈದೂ ಹುರಿದುಂಬಿಸಿದ ಗೌತಮಪುರದ ಹುಡುಗರು, ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಉಳಿದದ್ದೆಲ್ಲ ಒಬ್ಬರಿಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ತಂಡದಲ್ಲಿ ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದದ್ದು. ಆರು ಸೀಸನ್ ನಾನು ಒಂದನೇ ಕೀಪರ್, ಅಣ್ಣ ಎರಡನೇ ಕೀಪರ್.

ಎರಡನೇ ಕೀಪರ್‌ಗೆ ಏನು ಕೆಲಸ ಎಂದು ಸ್ಟ್ಯಾಂಡಿನಲ್ಲಿ ಕೂತವರಿಗೆ ಗೊತ್ತಾಗುವುದು ಕಷ್ಟ. ಬೆಂಚಿನಲ್ಲಿರುವ ವಿಂಗರ್‌ಗೆ, ಅಂದರೆ ಮೈದಾನದ ಅಂಚಿನಲ್ಲಿ ಓಡಿ ಆಡುವವನಿಗೆ, ಕೊನೆಯ ಇಪ್ಪತ್ತು ನಿಮಿಷವಾದರೂ ಸಿಗುತ್ತದೆ. ಕೀಪರ್‌ನನ್ನು ಯಾರೂ ಸುಮ್ಮನೆ ಬದಲಿಸುವುದಿಲ್ಲ. ಪೆಟ್ಟಾಗಬೇಕು, ಇಲ್ಲವೇ ರೆಡ್ ಕಾರ್ಡ್ ಬೀಳಬೇಕು. ರೆಡ್ ಕಾರ್ಡ್ ಬಿದ್ದರೆ ಇನ್ನೊಬ್ಬ ಆಟಗಾರ ಹೊರಗೆ ಬಂದ ಮೇಲೇ ಇವನು ಒಳಗೆ ಹೋಗುವುದು, ಆಗ ಎದುರಿಸುವ ಮೊದಲ ಚೆಂಡೇ ಪೆನಾಲ್ಟಿ ಇರಬಹುದು. 2014ರ ವಿಶ್ವಕಪ್ಪಿನಲ್ಲಿ ಕೋಸ್ಟರಿಕಾ ಎದುರು ಹೆಚ್ಚುವರಿ ಸಮಯದ ಕೊನೆಯಲ್ಲಿ ಡಚ್ಚರು ಒಂದನೇ ಕೀಪರ್ ಸಿಲೆಸ್ಸನ್‌ರನ್ನು ತೆಗೆದು ಟಿಮ್ ಕ್ರುಲ್‌ರನ್ನು ಇಳಿಸಿದರು, ಕ್ರುಲ್ ಎರಡು ಪೆನಾಲ್ಟಿ ತಡೆದು ಗೆಲ್ಲಿಸಿದರು. ಅಪರೂಪಕ್ಕೆ ನಡೆಯುವುದರಿಂದಲೇ ಎಲ್ಲರಿಗೂ ಅದು ನೆನಪಿದೆ. ಮಿಕ್ಕ ಎರಡನೇ ಕೀಪರ್‌ಗಳು ವಾರವಿಡೀ ಪಟ್ಟ ಪಾಡು ಇನ್ನೊಬ್ಬನ ಕೈಯಲ್ಲಿ ಕಾಣಿಸುತ್ತದೆ.

ಮ್ಯಾಚಿನ ದಿನದ ವಾರ್ಮಪ್ಪನ್ನೇ ನೋಡಿ. ಕಿಕಾಫ್‌ಗೆ ಮುಕ್ಕಾಲು ಗಂಟೆ ಇರುವಾಗ, ಉಳಿದವರಿಗಿಂತ ಮೊದಲೇ ಕೀಪರ್‌ಗಳು ಇಳಿಯುತ್ತಾರೆ. ಐದು ನಿಮಿಷ ಕಾಲಿನಲ್ಲಿ ಪಾಸ್. ಆಮೇಲೆ ಎಂಟು ಮೀಟರ್ ದೂರದಿಂದ ಎದೆಯ ಎತ್ತರಕ್ಕೆ ಹತ್ತು ಹನ್ನೆರಡು ವಾಲಿ (ನೆಲಕ್ಕೆ ಬೀಳುವ ಮುಂಚೆ ಒದ್ದ ಚೆಂಡು), ಅಷ್ಟೇ ಹಾಫ್ ವಾಲಿ (ನೆಲಕ್ಕೆ ತಾಗಿದ ಕೂಡಲೇ ಒದ್ದದ್ದು). ಎರಡೂ ಕಡೆಗೆ ನಾಲ್ಕು ನಾಲ್ಕು ಡೈವ್. ಅದಕ್ಕಿಂತ ಹೆಚ್ಚು ಬೇಡ, ಆರ್ಟಿಫಿಷಿಯಲ್ ಟರ್ಫ್ ಆದರೆ ಮ್ಯಾಚಿಗೆ ಮೊದಲೇ ಸೊಂಟದ ಪಕ್ಕದ ಚರ್ಮ ಹೋಗುತ್ತದೆ. ಬಲಕ್ಕೆ, ಎಡಕ್ಕೆ ಐದಾರು ಕ್ರಾಸ್, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಹಾಕುವ ಚೆಂಡು, ಕೊನೆಗೆ ಗೋಲಿನ ಮುಂದಿನ ಬಾಕ್ಸ್ ಅಂಚಿನಿಂದ ಶಾಟ್. ಕೇಳಲು ಸುಲಭ. ಆದರೆ ಮೊದಲ ಐದು ಚೆಂಡು ಜೋರಾಗಿ ಬಂದರೆ ತಣ್ಣಗಿರುವ ಬೆರಳು ಹಿಂದಕ್ಕೆ ಮಡಚಿ, ತೊಂಬತ್ತು ನಿಮಿಷವೂ ಚುರುಗುಟ್ಟುತ್ತಿರುತ್ತದೆ. ಮೆಲ್ಲಗೆ ಬಂದರೆ ಕಣ್ಣು ಎಚ್ಚರವಾಗುವುದಿಲ್ಲ, ಮ್ಯಾಚಿನ ಮೊದಲ ಶಾಟ್ ಬಂದದ್ದೇ ಗೊತ್ತಾಗುವುದಿಲ್ಲ. ಅಣ್ಣ ಮೆಲ್ಲಗೆ ಶುರುಮಾಡಿ ಪ್ರತಿ ನಾಲ್ಕು ಚೆಂಡಿಗೆ ಒಂದಿಷ್ಟು ವೇಗ ಏರಿಸುತ್ತಿದ್ದರು. ಸಂಜೆ ಬಿಸಿಲು ಕಣ್ಣಿಗೆ ಬೀಳುವಂತಿದ್ದರೆ ಬೇಕೆಂದೇ ಬಿಸಿಲಿನ ಕಡೆಯಿಂದ ಕ್ರಾಸ್ ಹಾಕುತ್ತಿದ್ದರು. ಕೊನೆಯ ಚೆಂಡು ಮಾತ್ರ ಯಾವತ್ತೂ ಹಿಡಿಯುವಂಥದ್ದೇ. ಗೋಲು ತಿಂದು ಡ್ರೆಸ್ಸಿಂಗ್ ರೂಮಿಗೆ ಹೋಗಬಾರದು, ಅಷ್ಟೇ ಅವರ ಲೆಕ್ಕ.

ಕೈಗಿಂತ ಕಾಲು ಮುಖ್ಯ ಎಂದು ತಲೆಗೆ ಹೊಕ್ಕಿಸಿದ್ದೂ ಅವರೇ. ಎದುರಿನವನು ಚೆಂಡಿಗೆ ಒದೆಯುವ ಗಳಿಗೆಯಲ್ಲಿ ಕೀಪರ್‌ನ ಎರಡೂ ಪಾದ ನೆಲದ ಮೇಲಿರಬೇಕು, ಭಾರ ಮುಂಗಾಲಿನ ಮೇಲಿರಬೇಕು. ಒಂದು ಹೆಜ್ಜೆ ಗಾಳಿಯಲ್ಲಿದ್ದರೆ ಅದು ಇಳಿಯುವವರೆಗೆ ಎತ್ತಲೂ ನೆಗೆಯಲಾಗದು, ಅಷ್ಟರಲ್ಲಿ ಚೆಂಡು ಬಲೆಯಲ್ಲಿ. ಸರಿಯಾದ ಜಾಗಕ್ಕೆ ತಲುಪಲು ಎರಡು ಹೆಜ್ಜೆ ಬಾಕಿ ಇದ್ದರೂ ಪರವಾಗಿಲ್ಲ, ಒದೆಯುವ ಹೊತ್ತಿಗೆ ನಿಂತುಬಿಡು ಅನ್ನುತ್ತಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಜೊತೆ ಭಾರತ 0-0 ಮಾಡಿಕೊಂಡ ಮ್ಯಾಚಿನಲ್ಲಿ ನಮ್ಮ ಕೀಪರ್ ಗುರ್‌ಪ್ರೀತ್ ಆಡಿದ ವಿಡಿಯೋ ಹಾಕಿ, "ಗುರ್‌ಪ್ರೀತ್ ಕೈ ನೋಡ್ಬೇಡ ಮಗಾ, ಕಾಲು ನೋಡು" ಎಂದು ಅದನ್ನೇ ಎಷ್ಟು ಸಲ ತೋರಿಸಿದ್ದಾರೋ!

ಡೈವ್ ವಿಷಯಕ್ಕೂ ಇಷ್ಟೇ ಖಡಕ್ಕು. ಚೆಂಡಿನ ಕಡೆಯ ಕಾಲನ್ನು ಓರೆಯಾಗಿ ಮುಂದಕ್ಕೆ ಇಟ್ಟು ನೆಗೆಯಬೇಕು, ಪಕ್ಕಕ್ಕಲ್ಲ. ಪಕ್ಕಕ್ಕೆ ಇಟ್ಟರೆ ಮೈ ಹಿಂದಕ್ಕೆ ವಾಲುತ್ತದೆ, ಕೈಗೆ ತಾಗಿದ ಚೆಂಡೂ ಗೋಲಿನೊಳಕ್ಕೇ ಹೋಗುತ್ತದೆ. ಬೀಳುವಾಗ ಮೊಣಕೈ ಊರಿದರೆ ಭುಜ ಹೋದಂತೆಯೇ. ಅದು ನನಗೆ ಚೆನ್ನಾಗಿ ಗೊತ್ತು.

ನನ್ನ ತಪ್ಪಿನಿಂದ ಗೋಲಾದ ಆ ರಾತ್ರಿ. ಯಾವ ಮ್ಯಾಚು, ಯಾವ ಗೋಲು ಎಂದು ಹೇಳಬೇಕಿಲ್ಲ, ಅರ್ಧ ಊರಿನ ಫೋನಿನಲ್ಲಿ ಆ ವಿಡಿಯೋ ಇತ್ತು. ಹೋಟೆಲಿನಲ್ಲಿ ಹನ್ನೊಂದರ ಹೊತ್ತಿಗೆ ಅಣ್ಣ ಬಾಗಿಲು ತಟ್ಟಿದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಮೂಲೆಯಲ್ಲಿ ಬಿಸಾಡಿದ್ದ ಗ್ಲೌಸ್ ಎತ್ತಿಕೊಂಡು ಬಚ್ಚಲಿಗೆ ಹೋದರು. ಬಕೆಟ್ಟಿಗೆ ಉಗುರು ಬೆಚ್ಚಗಿನ ನೀರು ಬಿಟ್ಟು, ಗ್ಲೌಸನ್ನು ಕೈಗೆ ಹಾಕಿಕೊಂಡೇ ಅಂಗೈಗೆ ಅಂಗೈ ಮೆಲ್ಲಗೆ ಉಜ್ಜಿದರು. ಬಟ್ಟೆ ಸೋಪು, ಪೌಡರ್ ಹಾಕಬಾರದು, ಅಂಗೈಯ ರಬ್ಬರಿನ, ಅಂದರೆ ಲೇಟೆಕ್ಸ್‌ನ ಹಿಡಿತ ಹೋಗುತ್ತದೆ. ನೀರು ಮೂರು ಸಲ ಬದಲಿಸಿದರು, ಮೂರನೆಯದು ತಿಳಿಯಾಗಿತ್ತು. ಹಿಂಡಲಿಲ್ಲ. ಹಿಂಡಿದರೆ ಹೊಲಿಗೆಯ ಹತ್ತಿರ ಸೀಳುತ್ತದೆ. ತಮ್ಮದೇ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಗಾಳಿ ನೇರ ಬೀಳದ ಕಡೆ ಬೆರಳು ಕೆಳಗಾಗಿ ನೇತುಹಾಕಿದರು. ಬಿಸಿಲಿಗಿಟ್ಟರೆ ಹಪ್ಪಳ.

ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಬೆಳಗಿನ ಜಾವ ನಾಲ್ಕರವರೆಗೂ ಕೂತೇ ಇದ್ದರು. ನನ್ನ ಫೋನು ಅವರ ಜೇಬಿನಲ್ಲಿತ್ತು.

ಒಂದು ಮಾತು ಹೇಳಲೇಬೇಕು, ಇಷ್ಟು ವರ್ಷ ಬಾಯಿಗೆ ಬಂದಿರಲಿಲ್ಲ. ನಾನು ಕೆಟ್ಟರೆ ಅವರಿಗೆ ಜಾಗ. ಆ ರಾತ್ರಿ ಸುಮ್ಮನೆ ತಮ್ಮ ರೂಮಿನಲ್ಲಿ ಮಲಗಿದ್ದರೆ ಸಾಕಿತ್ತು, ಮುಂದಿನ ಮ್ಯಾಚು ಅವರದಾಗುತ್ತಿತ್ತು. ಮೂವತ್ತನಾಲ್ಕು ವಯಸ್ಸು, ವರ್ಷ ವರ್ಷಕ್ಕೂ ಹೊಸ ಕಾಂಟ್ರ್ಯಾಕ್ಟು, ಮನೆಯಲ್ಲಿ ಇಬ್ಬರು ಮಕ್ಕಳು. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಬಾಗಿಲು ತಟ್ಟುತ್ತಿದ್ದೆನಾ? ತಟ್ಟುತ್ತಿರಲಿಲ್ಲ ಅನಿಸುತ್ತದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ತಪ್ಪಿನ ಮಾತು ಎತ್ತಿದ್ದು ಮಾರನೇ ದಿನ ಗ್ರೌಂಡಿನಲ್ಲೇ. ಟರ್ಫ್ ಒದ್ದೆಯಾದಾಗ ಇಪ್ಪತ್ತು ಮೀಟರಿನಿಂದ ಬಂದ ತಗ್ಗು ಶಾಟ್ ಅಷ್ಟಾಗಿ ಪುಟಿಯುವುದಿಲ್ಲ, ವೇಗ ಹೆಚ್ಚು ಕಳೆದುಕೊಳ್ಳದೆ ಜಾರಿ ಬರುತ್ತದೆ. ಕೈಯಿಂದಷ್ಟೇ ಬಾಚಲು ಹೋದರೆ ಕೈಯ ಕೆಳಗೇ ನುಸುಳುತ್ತದೆ. ಹಿಂದೆ ಮಂಡಿ ಅಡ್ಡ ಇರಬೇಕು, ಇಲ್ಲದಿದ್ದರೆ ಹಿಡಿಯುವ ಆಸೆ ಬಿಟ್ಟು ಪೋಸ್ಟಿನ ಆಚೆಗೆ ತಳ್ಳಬೇಕು. ಇಷ್ಟು ಹೇಳಿ, ಪೈಪಿನಲ್ಲಿ ಬಾಕ್ಸ್ ಪೂರ್ತಿ ಒದ್ದೆ ಮಾಡಿಸಿ, ಅದೇ ಜಾಗದಿಂದ ಅರವತ್ತು ಚೆಂಡು ಒದ್ದರು. ಬೈಗುಳ ಬೇರೆ!

2006ರ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿನಲ್ಲಿ ಅರ್ಜೆಂಟೀನಾ ಎದುರು ಪೆನಾಲ್ಟಿ ಶೂಟೌಟ್ ಶುರುವಾಗುವ ಮುಂಚೆ ಜರ್ಮನಿಯ ಒಲಿವರ್ ಕಾನ್ ಬೆಂಚಿನಿಂದ ಬಂದು ಯೆನ್ಸ್ ಲೇಮನ್ ಕೈ ಕುಲುಕಿದರು. ಜಾಗ ಕಳೆದುಕೊಂಡದ್ದು ಕಾನ್, ಕಿತ್ತುಕೊಂಡದ್ದು ಲೇಮನ್. ಜನ ಎದುರಾಳಿಗಳು ಯಾವ ಕಡೆ ಒದೆಯುತ್ತಾರೆಂದು ಬರೆದು ಲೇಮನ್ ಕಾಲುಚೀಲದಲ್ಲಿ ಇಟ್ಟುಕೊಂಡಿದ್ದ ಚೀಟಿಯ ಬಗ್ಗೆಯೇ ಮಾತಾಡುತ್ತಾರೆ, ನನಗೆ ಕಣ್ಣಿಗೆ ಕಟ್ಟುವುದು ಆ ಕೈಕುಲುಕು.

ಚೀಟಿ ನಮ್ಮಲ್ಲೂ ಇತ್ತು, ಬರೆಯುತ್ತಿದ್ದದ್ದು ಅಣ್ಣನೇ. ಪೆನಾಲ್ಟಿ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ನೋಡಿ ಆಮೇಲೆ ಹಾರುತ್ತೇನೆ ಅಂದರೆ ಪೋಸ್ಟಿನ ಪಕ್ಕದ್ದು ಸಿಗುವ ಮಾತೇ ಇಲ್ಲ. ಅದಕ್ಕೆ ಎದುರಾಳಿಗಳ ಹಳೆಯ ಪೆನಾಲ್ಟಿಗಳನ್ನೆಲ್ಲ ನೋಡಿ, ಒಬ್ಬೊಬ್ಬನಿಗೆ ಒಂದೇ ಗೆರೆ ಬರೆದು ನೀರಿನ ಬಾಟಲಿಗೆ ಅಂಟಿಸುತ್ತಿದ್ದರು: ಯಾವ ಕಡೆ, ಓಡಿ ಬರುವಾಗ ತಡೆದು ನಿಲ್ಲುತ್ತಾನಾ ಇಲ್ಲವಾ. "ಒಂದು ಕಾಲು ಗೆರೆ ಮೇಲೆ ಇರ್ಲಿ" ಎಂದು ಕೆಳಗೆ ಪ್ರತಿ ಸಲ ದಪ್ಪಕ್ಷರದಲ್ಲಿ. ಒದೆಯುವ ಮುಂಚೆಯೇ ಗೋಲಿನ ಗೆರೆ ಬಿಟ್ಟು ಜಿಗಿದು ತಡೆದರೆ ರೆಫರಿ ಮತ್ತೆ ಒದೆಯಲು ಹೇಳುತ್ತಾರೆ ಎಂಬುದನ್ನು ನಾನು ಮರೆಯುತ್ತೇನೆಂದು ಅವರಿಗೆ ಖಾತ್ರಿಯಿತ್ತು.

ಕೊನೆಗೊಂದು ಕೆಲಸದ ಮಾತು. ಬಳಸದ ಮೂರು ಜೊತೆ ಗ್ಲೌಸ್ ಇವೆ, ಸೈಜ್ 9, ಅಂಗೈ 4 ಮಿಲಿಮೀಟರ್ ಲೇಟೆಕ್ಸ್. ಭಾನುವಾರ ಬೆಳಿಗ್ಗೆ ಏಳಕ್ಕೆ ಆಸ್ಟಿನ್ ಟೌನ್ ಗ್ರೌಂಡಿಗೆ ತರುತ್ತೇನೆ, ಬೇಕಾದ ಹುಡುಗರು ಬನ್ನಿ. ಹಾಕಿ ನೋಡಿದಾಗ ಬೆರಳ ತುದಿಯಲ್ಲಿ ಅರ್ಧ ಸೆಂಟಿಮೀಟರಾದರೂ ಜಾಗ ಉಳಿಯಬೇಕು. ಆಡುವ ಮುಂಚೆ ಒಂದು ಸಲ ನೀರಿನಲ್ಲಿ ತೊಳೆದುಕೊಳ್ಳಿ, ಹೊಸ ಲೇಟೆಕ್ಸ್ ಹಾಗೇ ಹಿಡಿಯುವುದಿಲ್ಲ. ಬಿದ್ದು ಏಳುವಾಗ ಅಂಗೈ ಊರಬೇಡಿ, ಮುಷ್ಟಿ ಊರಿ. ಟರ್ಫಿನ ಮೇಲೆ ಅಂಗೈ ಊರಿದರೆ ತಿಂಗಳಲ್ಲಿ ಸವೆದುಹೋಗುತ್ತದೆ.

ಅಣ್ಣ, ನಿಮ್ಮ ಟವೆಲ್ಲು ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಅದನ್ನು ಮಾತ್ರ ಕೊಡುವುದಿಲ್ಲ.