ಭಾನುವಾರ ಸ್ಪಾರ್ಕ್ ಪ್ಲಗ್ ಬದಲಿಸುವವರ ಗಮನಕ್ಕೆ

ಸದಸ್ಯರೇ, ಮನೆಯಲ್ಲೇ ಕಾರಿನ ಸ್ಪಾರ್ಕ್ ಪ್ಲಗ್ (ಸಿಲಿಂಡರಿನಲ್ಲಿ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಭಾಗ) ಬದಲಿಸುತ್ತೇವೆಂದು ಮೂವರು ಬರೆದಿದ್ದೀರಿ, ಬಹಳ ಸಂತೋಷ. ಆದರೆ ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕೈ ಹಾಕಬೇಡಿ. ಹೆಡ್ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂನದು, ಬಿಸಿ ಇರುವಾಗ ಪ್ಲಗ್ ತಿರುಚಿದರೆ ಅದರ ಥ್ರೆಡ್ (ತಿರುಪಿನ ಸುರುಳಿ) ಕಿತ್ತು ಬರಬಹುದು.

ಕಾಯಿಲ್ (ಪ್ಲಗ್ಗಿಗೆ ವಿದ್ಯುತ್ ಕೊಡುವ, ಅದರ ಮೇಲೆ ಕೂತಿರುವ ಭಾಗ) ತೆಗೆದೊಡನೆ ಟಾರ್ಚ್ ಬೆಳಕು ಬಿಟ್ಟು ಪ್ಲಗ್ ಇರುವ ಕುಳಿಯೊಳಗೆ ನೋಡಿ. ಪ್ಲಗ್ ಸುತ್ತ ಕೂತಿರುವ ಧೂಳು, ಮರಳನ್ನು ಸೈಕಲ್ ಪಂಪಿನಿಂದ ಊದಿ ತೆಗೆಯದಿದ್ದರೆ ಪ್ಲಗ್ ಬಿಚ್ಚಿದಾಗ ಅದೆಲ್ಲ ಸಿಲಿಂಡರಿಗೇ ಬೀಳುತ್ತದೆ.

ಹೊಸ ಪ್ಲಗ್ಗಿನ ತಲೆಗೆ ಗೇಣುದ್ದದ ರಬ್ಬರ್ ಕೊಳವೆ ಸಿಕ್ಕಿಸಿ, ಬೆರಳಿನಿಂದಲೇ ತಿರುಗಿಸುತ್ತಾ ಕೂರಿಸಿ. ಥ್ರೆಡ್ ಅಡ್ಡ ಹಿಡಿದರೆ ಕೊಳವೆ ಜಾರುತ್ತದೆ, ಕೈಗೆ ತಕ್ಷಣ ತಿಳಿಯುತ್ತದೆ. ಉದ್ದ ಹಿಡಿಕೆಯ ಸ್ಪ್ಯಾನರಿನಲ್ಲಿ ಅದು ತಿಳಿಯುವುದೇ ಇಲ್ಲ. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ಅಳೆಯುವ ಸ್ಪ್ಯಾನರ್) ಬಳಸಿ, ನಿಮ್ಮ ಕಾರಿಗೆ ಹೇಳಿರುವ ಅಳತೆಗೇ ನಿಲ್ಲಿಸಿ. ನನ್ನ ಬಳಿಯ ರೆಂಚ್ ಬೇಕಾದವರು ಶನಿವಾರ ಸಂಜೆ ಒಯ್ಯಬಹುದು.

ಇರಿಡಿಯಂ ಪ್ಲಗ್ಗಿನ ತುದಿ ಬಲು ಸೂಕ್ಷ್ಮ. ಅದರ ಗ್ಯಾಪ್ (ಕಿಡಿ ಹಾರುವ ಸಂದು) ತಿದ್ದಲು ಹೋಗಬೇಡಿ.

ಹಳೆಯ ಪ್ಲಗ್ಗುಗಳನ್ನು ಎಸೆಯದೆ, ಸಿಲಿಂಡರಿನ ಕ್ರಮದಲ್ಲೇ ಜೋಡಿಸಿ ಚಿತ್ರ ಕಳುಹಿಸಿ. ತುದಿ ತಿಳಿಗಂದಾಗಿದ್ದರೆ ಉರಿಯುವಿಕೆ ಸರಿಯಾಗಿದೆ. ಒಣ ಕಪ್ಪು ಮಸಿಯಾದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರಬಹುದು. ಎಣ್ಣೆಯ ಜಿಡ್ಡು ಕಂಡರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಲೇಬೇಕು.