ಚರ್ಚ್ ಗೇಟು ಪೌರಕಾರ್ಮಿಕರಿಗೂ ತೆರೆಯಲಿ

ಬೆಂಗಳೂರಿನ ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ ಕೆಲಸದ ಹೊತ್ತಿನಲ್ಲಿ ಶೌಚಾಲಯ ಸಿಗುವುದೇ ಕಷ್ಟವಾಗಿದೆ. ಇವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ನಸುಕಿನಲ್ಲೇ ಮನೆ ಬಿಟ್ಟು ಬರುವ ಎಷ್ಟೋ ಮಂದಿ, ಶೌಚಕ್ಕೆ ಎಲ್ಲಿ ಹೋಗುವುದು ಎಂಬ ಭಯಕ್ಕೆ ನೀರನ್ನೇ ಕುಡಿಯದೆ ಕಸದ ಗಾಡಿ ತಳ್ಳುತ್ತಾರೆ. ದಲಿತ ಕ್ರೈಸ್ತರಿಗಂತೂ, ಹಿಂದೂ, ಸಿಖ್, ಬೌದ್ಧರನ್ನಷ್ಟೇ ಪರಿಶಿಷ್ಟ ಜಾತಿಗೆ ಸೇರಿಸುವ 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸವಲತ್ತೂ ಇಲ್ಲ.

ಶಿವಾಜಿನಗರ, ರಿಚ್ಮಂಡ್ ಟೌನ್ ಕಡೆ ದೊಡ್ಡ ಅಂಗಳದ ಚರ್ಚ್‌ಗಳಿವೆ. ನಲ್ಲಿ, ಶೌಚಾಲಯ, ಮರದ ನೆರಳು ಎಲ್ಲ ಇವೆ. ಬಾಯಾರಿದವರಿಗೆ ನೀರು ಕೊಟ್ಟರೆ ತನಗೇ ಕೊಟ್ಟಂತೆ ಎಂದವರು ಯೇಸು, ಅಲ್ವಾ?

ಫಾದರ್‌ಗಳು, ಪಾಸ್ಟರ್‌ಗಳು ದಿನವೂ ಬೆಳಿಗ್ಗೆ ಗೇಟು ತೆರೆಸಿ, ‘ಪೌರಕಾರ್ಮಿಕರು ಒಳಗೆ ಬನ್ನಿ’ ಎಂದು ಬೋರ್ಡು ಹಾಕಿಸಲಿ. ಚರ್ಚ್ ಸಭೆಯಲ್ಲಿರುವ ವಕೀಲರು ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಒಂದು ಗಂಟೆ ಕೂತು, ಪೌರಕಾರ್ಮಿಕರ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾಗದಪತ್ರ ನೋಡಿಕೊಡಲಿ.

– ಒಬ್ಬ ಓದುಗ, ಬೆಂಗಳೂರು