ಈಗ ತೊಗೊಳ್ಳದಿದ್ರೆ ಇನ್ನಿಲ್ಲ ಅಂತ ಬರೆದಿದ್ದೀಯಲ್ಲ

ಪ್ರೀತಿಯ ಪುಟ್ಟ,

ನಿನ್ನ ಮೇಲ್ ಓದಿದೆ. ಫೋಟೋ ಎಲ್ಲ ನೋಡಿದೆ. ಡಾಡ್ಜ್ ಕಂಪನಿಯ ಆ ಕೆಂಪು ಚಾಲೆಂಜರ್ ಕಾರು ಚೆನ್ನಾಗೇ ಇದೆ, ಎರಡು ಮಾತಿಲ್ಲ. ಕೈಯಲ್ಲಿ ಎಷ್ಟಿದೆ, ನಿಮ್ಮಮ್ಮ ಏನಂದಳು, ನಿಮ್ಮಪ್ಪ ಯಾಕೆ ಫೋನಿನಲ್ಲಿ ಬರೀ ಹೂಂ ಅನ್ನುತ್ತಿದ್ದಾರೆ, ಅದೆಲ್ಲ ಮನೆಮಂದಿಗೆಲ್ಲ ಗೊತ್ತಿರುವ ವಿಷಯ. ನಾನು ಮತ್ತೆ ಕೆದಕುವುದಿಲ್ಲ. ಫೋರ್ಡ್ ಕಂಪನಿಯ ಹೊಸ ಮಸ್ಟಾಂಗ್ ತೊಗೊಳ್ಳಲಾ, ಹಳೇ ಚಾಲೆಂಜರ್ ತೊಗೊಳ್ಳಲಾ ಅಂತ ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮರೆತರೆ ಬೈಕೋಬೇಡ.

ನನ್ನನ್ನು ಕೊರೆಯುತ್ತಿರುವುದು ನೀನು ಕೊನೆಗೆ ಬರೆದ ಒಂದು ಸಾಲು. "ಮಾವ, ಈಗ ತೊಗೊಳ್ಳದಿದ್ರೆ ಇಂಥ ಗಾಡಿ ಇನ್ನು ಈ ಜನ್ಮದಲ್ಲಿ ಸಿಗಲ್ಲ, ಅದನ್ನೇ ಯೋಚಿಸ್ತಾ ರಾತ್ರಿ ನಿದ್ದೆ ಬರ್ತಿಲ್ಲ." ಗಾಡಿ ಇಷ್ಟ ಆಗಿ ನಿದ್ದೆ ಬರುತ್ತಿಲ್ಲ ಅಂದಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ನಿನ್ನ ವಯಸ್ಸಿಗೆ ಅದು ಇರಬೇಕಾದದ್ದೇ. ಮುಗಿದುಹೋಗುತ್ತೆ ಅಂತ ನಿದ್ದೆ ಬರುತ್ತಿಲ್ಲ ಅಂದೆ ನೋಡು, ಅದು ಬೇರೆ. ನಿಮ್ಮತ್ತೆಗೂ ಓದಿ ಹೇಳಿದೆ. "ಹುಡುಗ ಹೆದರಿದಾನೆ ಕಣ್ರೀ" ಅಂದಳು, ಅಷ್ಟೇ.

ಆ ಹೆದರಿಕೆ ನಿನ್ನ ತಲೆಯಲ್ಲಿ ತಾನಾಗೇ ಹುಟ್ಟಿದ್ದಲ್ಲ ಪುಟ್ಟ. 2023ರ ಚಾಲೆಂಜರ್, ಚಾರ್ಜರ್ ಎರಡನ್ನೂ ಡಾಡ್ಜ್‌ನವರು 'ಲಾಸ್ಟ್ ಕಾಲ್', ಅಂದರೆ ಕೊನೆಯ ಕರೆ, ಅಂತ ಹೆಸರಿಟ್ಟೇ ಮಾರಿದರು. ಬಾನೆಟ್ ಎತ್ತಿದರೆ ಒಳಗೆ ಅದೇ ಹೆಸರಿನ ಫಲಕ. ನೀನು ಕಳಿಸಿದ ಫೋಟೋಗಳಲ್ಲಿ ಟೈರಿನದ್ದು ಒಂದೂ ಇಲ್ಲ, ಆ ಫಲಕದ್ದು ಮಾತ್ರ ಮೂರು ಇದೆ. ಮಾರುವವನಿಗೆ ಯಾವುದನ್ನು ತೋರಿಸಿದರೆ ಗಿರಾಕಿ ಕೂರುತ್ತಾನೆ ಅಂತ ಚೆನ್ನಾಗಿ ಗೊತ್ತು.

ತಯಾರಿಕೆ ನಿಂತದ್ದು ನಿಜ, ಇಲ್ಲ ಅನ್ನಲ್ಲ. ಆ ವರ್ಷ ಡಿಸೆಂಬರಿನಲ್ಲಿ ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಿಂದ ಕೊನೆಯ ಚಾಲೆಂಜರ್ ಹೊರಗೆ ಬಂತು. ಷೆವರ್ಲೆಯವರ ಕಮಾರೋ 2024ರ ಮಾದರಿಗೆ ನಿಂತಿತು. ಆದರೆ ನಾನು ಡೆಟ್ರಾಯಿಟ್ ಕಡೆ ಇಷ್ಟು ವರ್ಷ ಗಾಡಿಗಳ ಎಂಜಿನ್ ನಡುಕ ತಡೆಯುವ ರಬ್ಬರ್ ಮೌಂಟಿಂಗ್ ಟೆಸ್ಟ್ ಮಾಡಿಕೊಂಡು ಹೊಟ್ಟೆ ಹೊರೆದವನು. ಈ ಮಸಲ್ ಕಾರುಗಳು, ಅಂದರೆ ದೊಡ್ಡ ಎಂಜಿನ್ನಿನ ಜೋರು ಗಾಡಿಗಳು, ಸಾಯುವುದನ್ನು ನೋಡಿದ್ದು ಇದೇ ಮೊದಲಲ್ಲ.

ಮೊದಲನೇ ಸಲ ಸತ್ತದ್ದು ನಾನು ಈ ದೇಶಕ್ಕೆ ಬರುವ ಮುಂಚೆ. 1964ರಲ್ಲಿ ಪಾಂಟಿಯಾಕ್‌ನವರು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ ಜಿಟಿಓ ಅಂತ ಮಾರಿದ್ದು ಶುರು. ಅದೇ ವರ್ಷ ಏಪ್ರಿಲ್‌ನಲ್ಲಿ ಮಸ್ಟಾಂಗ್ ಬಂತು. 1970ರ ಹೊತ್ತಿಗೆ ಷೆವರ್ಲೆಯವರ ಶೆವೆಲ್‌ಗೆ 450 ಹಾರ್ಸ್‌ಪವರ್. ಆಮೇಲೆ ಹೊಗೆ ಕಾನೂನು ಬಂತು, ಹುಡುಗರಿಗೆ ಇನ್ಶೂರೆನ್ಸ್ ಏರಿತು, 1973ರ ಕೊನೆಗೆ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. 1974ರಲ್ಲಿ ಚಾಲೆಂಜರ್ ನಿಂತಿತು. ಹೌದು, ನಿನ್ನ ಚಾಲೆಂಜರೇ. ಅದೇ ವರ್ಷದ ಹೊಸ ಮಾದರಿಯ ಮಸ್ಟಾಂಗ್‌ಗೆ ಇಲ್ಲಿ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಇರಲೇ ಇಲ್ಲ. 1980ರಲ್ಲಿ ಮಸ್ಟಾಂಗ್‌ನ ವಿ8 ಕೊಡುತ್ತಿದ್ದದ್ದು ಹೆಚ್ಚುಕಮ್ಮಿ 120 ಹಾರ್ಸ್‌ಪವರ್. ನಿನ್ನ ಈಗಿನ ಕ್ಯಾಮ್ರಿಗೆ ಅದಕ್ಕಿಂತ ಜಾಸ್ತಿ ಇದೆ. ಆಗಲೂ ಎಲ್ಲರೂ ಹೇಳಿದ್ದು ಇದನ್ನೇ, ಇನ್ನಿಲ್ಲ ಅಂತ. 1982ರಲ್ಲಿ ಫೋರ್ಡ್‌ನವರು 5.0 ಲೀಟರ್ ವಿ8 ಅಂತ ಮತ್ತೆ ತಂದರು.

ಎರಡನೇ ಸಲದ ಕಥೆ ನನಗೆ ಬೇಕಾದ್ದು. ಅದನ್ನು ನಿಮ್ಮಮ್ಮನಿಗೂ ನಾನು ಹೇಳಿಲ್ಲ.

1987. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದು ಮುಗಿದು ಕೆಲಸ ಸಿಕ್ಕಿತ್ತು. ವುಡ್‌ವರ್ಡ್ ಅವೆನ್ಯೂದಲ್ಲಿ ಒಂದು ಹಳೇ ಗಾಡಿಗಳ ಲಾಟ್. ಅಲ್ಲಿ ಕಪ್ಪು ಬಣ್ಣದ 85ರ ಮಸ್ಟಾಂಗ್ ಜಿಟಿ ನಿಂತಿತ್ತು. ಕೆಲಸ ಮುಗಿಸಿ ಬಸ್ಸಿನಲ್ಲಿ ಹೋಗುವಾಗ ದಿನಾ ನೋಡುತ್ತಿದ್ದೆ. ಒಂದು ಸಂಜೆ ಇಳಿದೇಬಿಟ್ಟೆ. ಮಾರುವವನು ಸ್ಟಾರ್ಟ್ ಮಾಡಿ ಬಿಟ್ಟ. ಎಂಜಿನ್ ಐಡಲ್‌ನಲ್ಲಿ ಇರುವಾಗ ಇಡೀ ಗಾಡಿ ಸಣ್ಣಗೆ ಎಡಕ್ಕೆ ಬಲಕ್ಕೆ ತೂಗುತ್ತಿತ್ತು, ಗೇರ್ ಹಿಡಿಯ ಮೇಲೆ ಕೈ ಇಟ್ಟರೆ ಆ ನಡುಕ ಮೊಣಕೈವರೆಗೂ ಬರುತ್ತಿತ್ತು. ರಬ್ಬರ್ ಮೌಂಟಿಂಗ್ ಕೆಲಸದವನು ನಾನು, ಆ ನಡುಕ ಯಾಕೆ ಬರುತ್ತೆ ಅಂತ ಲೆಕ್ಕ ಹಾಕಿ ತೋರಿಸಬಲ್ಲೆ. ಅವತ್ತು ಲೆಕ್ಕ ಗಿಕ್ಕ ಏನೂ ನೆನಪಿಗೆ ಬರಲಿಲ್ಲ.

ಅವನು ಹೇಳಿದ ಮಾತು ಕೇಳು. ಮುಂದಿನ ಮಸ್ಟಾಂಗನ್ನು ಫೋರ್ಡ್‌ನವರು ಮಾಜ್ದಾ ಜೊತೆ ಸೇರಿ ಮುಂದಿನ ಚಕ್ರಕ್ಕೆ ಶಕ್ತಿ ಹೋಗೋ ಹಾಗೆ ಮಾಡ್ತಿದಾರೆ, ವಿ8 ಇರಲ್ಲ, ಈಗ ತೊಗೊಂಡರೆ ತೊಗೊಂಡೆ, ಇಲ್ಲಾಂದ್ರೆ ಇಲ್ಲ, ಅಂದ. ಸುಳ್ಳೇನೂ ಅಲ್ಲ, ಆ ಯೋಜನೆ ನಿಜವಾಗಿಯೂ ಇತ್ತು. ಸುದ್ದಿ ಪತ್ರಿಕೆಗಳಲ್ಲಿ ಹೊರಬಿದ್ದು ಜನ ಫೋರ್ಡ್‌ಗೆ ರಾಶಿ ರಾಶಿ ಕಾಗದ ಬರೆದು ಬೈದರು. ಆ ಹೊತ್ತಿನಲ್ಲಿ ಊರಲ್ಲಿ ಏನು ನಡೀತಿತ್ತು, ದುಡ್ಡು ಎಲ್ಲಿಗೆ ಹೋಗಬೇಕಿತ್ತು ಅನ್ನುವುದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಬಿಡು. ನಾನು ಗಾಡಿ ತೊಗೊಳ್ಳಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ, ಇವತ್ತಿಗೂ ಇಲ್ಲ. ಬೇಜಾರಾಗಿದ್ದು ಇನ್ನೇನು ಮುಗಿದೇಹೋಯ್ತಲ್ಲ ಅಂತ. ರಾತ್ರಿಯೆಲ್ಲ ಅದೇ ಯೋಚನೆ. ನಿನ್ನ ಸಾಲು ಓದಿದಾಗ ಆ ರಾತ್ರಿಗಳೇ ನೆನಪಾದವು, ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಏನಾಯ್ತು ಹೇಳು? ಮಾಜ್ದಾ ಜೊತೆ ಮಾಡಿದ ಗಾಡಿಗೆ ಪ್ರೋಬ್ ಅಂತ ಬೇರೆ ಹೆಸರಿಟ್ಟರು. ಮಸ್ಟಾಂಗ್ ಹಾಗೇ ಉಳೀತು. ಪ್ರೋಬ್ ತಯಾರಾಗುತ್ತಿದ್ದದ್ದು ನಮ್ಮ ಮನೆಯಿಂದ ಸ್ವಲ್ಪ ದೂರದ ಫ್ಲಾಟ್ ರಾಕ್ ಕಾರ್ಖಾನೆಯಲ್ಲಿ. ಆ ಪ್ರೋಬ್ ಈಗ ಎಲ್ಲೂ ಇಲ್ಲ, ಅದೇ ಕಾರ್ಖಾನೆಯಲ್ಲಿ ಇವತ್ತು ತಯಾರಾಗುತ್ತಿರುವುದು ಮಸ್ಟಾಂಗ್. 5.0 ವಿ8, 480 ಹಾರ್ಸ್‌ಪವರ್, ಬೇಕಾದರೆ ಆರು ಗೇರಿನ ಮ್ಯಾನ್ಯುಯಲ್. ನೀನು ಇನ್ನಿಲ್ಲ ಅನ್ನುತ್ತಿರುವುದು ಅದನ್ನೇ ತಾನೆ?

ಕಮಾರೋ 2002ರಲ್ಲಿ ನಿಂತು 2009ರಲ್ಲಿ ವಾಪಸ್ ಬಂತು. ಚಾಲೆಂಜರ್ 2008ರಲ್ಲಿ. ನೀನು ನೋಡಿರುವ ಗಾಡಿಯಲ್ಲಿರುವ ಹೆಮಿ ಅನ್ನುವ ವಿ8 ಎಂಜಿನ್ ಮುಗೀತು ಅಂತ ರಾಮ್ ಪಿಕಪ್‌ನಿಂದ ತೆಗೆದವರೇ, ಮತ್ತೆ ತರುತ್ತೇವೆ ಅಂತ 2025ರಲ್ಲಿ ಹೇಳಿದರು. ಇನ್ನು ಬರೀ ಹಳೇದರ ಮಾತು ಅಂದರೂ, 2008ರಿಂದ 2023ರವರೆಗೆ ಚಾಲೆಂಜರ್ ಲಕ್ಷಗಟ್ಟಲೆ ತಯಾರಾಗಿದೆ. ಈ ಶನಿವಾರ ನೀನು ಅಡ್ವಾನ್ಸ್ ಕೊಡದಿದ್ದರೆ ಅವೆಲ್ಲ ಮಾಯ ಆಗಿಬಿಡುತ್ತವಾ? 1967ರ ಮಸ್ಟಾಂಗಿಗೆ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುವವರು ಈ ದೇಶದಲ್ಲಿದ್ದಾರೆ ಕಣೋ. ಇಷ್ಟಪಟ್ಟ ಗಾಡಿಯನ್ನು ಇಲ್ಲಿನ ಜನ ಸಾಯಕ್ಕೆ ಬಿಡಲ್ಲ.

ಅಂತ ಬರೆದೆ. ಬರೆದು ಕಾಫಿ ಕುಡಿದು ಬಂದು ಓದಿದರೆ ಅರ್ಧ ಸತ್ಯ ಬರೆದಿದ್ದೀನಿ ಅನ್ನಿಸಿತು.

ಮೈಸೂರಿನ ಯೆಜ್ಡಿ ನೋಡು. ನಿಮ್ಮ ತಾತ ಓಡಿಸುತ್ತಿದ್ದದ್ದು. 1996ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿತು. ಯಾದವಗಿರಿ ಕಡೆ ಹೋದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತಿತ್ತು. 2022ರಲ್ಲಿ ಯೆಜ್ಡಿ ವಾಪಸ್ ಬಂತು, ಖುಷಿಯಾಯ್ತು. ಆದರೆ ಮೈಸೂರಿನಲ್ಲಿ ಅಲ್ಲ, ಮಧ್ಯಪ್ರದೇಶದಲ್ಲಿ ತಯಾರಾಗುತ್ತೆ. ಟೂ ಸ್ಟ್ರೋಕ್ ಹೋಗಿ ಫೋರ್ ಸ್ಟ್ರೋಕ್ ಆಗಿದೆ. ಆ ಸೈಲೆನ್ಸರ್ ಸದ್ದು ಬರಲ್ಲ. ಈಗಿನ ಹೊಸ ಚಾರ್ಜರ್ ಕೂಡ ಹಾಗೇ ಅಲ್ವಾ, ಒಂದು ಬ್ಯಾಟರಿಯದ್ದು, ಇನ್ನೊಂದು ಆರು ಸಿಲಿಂಡರಿನದ್ದು ಎರಡು ಟರ್ಬೋ ಹಾಕಿಕೊಂಡು. ಓಟದಲ್ಲಿ ಹಳೆಯದಕ್ಕಿಂತ ಏನೂ ಕಡಿಮೆ ಇಲ್ಲ. ನಿನಗೆ ಬೇಕಾಗಿರುವುದು ಅದಲ್ಲ ಅಂತ ನನಗೂ ಅರ್ಥವಾಗುತ್ತೆ. ಹಾಗಾಗಿ ನಿನ್ನ ಭಯ ಪೂರ್ತಿ ಪೊಳ್ಳು ಅಂತ ಹೇಳಲಾರೆ.

ಇನ್ನೊಂದು ಇದೆ. 2010ರ ಸುಮಾರಿಗೆ ಕೈಯಲ್ಲಿ ದುಡ್ಡಿತ್ತು, ಮಕ್ಕಳು ದೊಡ್ಡವರಾಗಿದ್ದರು, ಮಿನಿವ್ಯಾನ್ ಬದಲಾಯಿಸುವ ಹೊತ್ತು. ನಿಮ್ಮತ್ತೆಯೇ ಹೋಗಿ ನೋಡ್ಕೊಂಡು ಬನ್ನಿ ಅಂದಳು. ಹೋದೆ, ಹೊಸ ಮಸ್ಟಾಂಗ್ ಓಡಿಸಿದೆ. 85ರ ಗಾಡಿಗಿಂತ ಎಲ್ಲದರಲ್ಲೂ ಮೇಲು. ಇಳಿದು ಬೀಗದ ಕೈ ವಾಪಸ್ ಕೊಟ್ಟೆ. ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಸೊಂಟ ನೋವು, ಇಳಿಯೋದು ಹತ್ತೋದು ಕಷ್ಟ ಅಂತ ನೆಪ ಹೇಳಿದೆ. ಗಾಡಿ ಉಳಿದಿತ್ತು, ನನಗೆ ಆಸೆ ಉಳಿದಿರಲಿಲ್ಲ. ಇದನ್ನು ನಿನಗೆ ಯಾಕೆ ಹೇಳುತ್ತಿದ್ದೀನೋ ಗೊತ್ತಿಲ್ಲ, ತೊಗೋಬೇಡ ಅನ್ನಲು ಕೂತವನು ನಾನು. ತೊಗೋ ಅಂತಲೇ ಆಯ್ತೇನೋ.

ಇಲ್ಲ, ತೊಗೋಬೇಡ ಅಂತಲೂ ಅಲ್ಲ. ಆಸೆಗೆ ತೊಗೋ, ನನ್ನ ಅಡ್ಡಿಯಿಲ್ಲ. ಹೆದರಿಕೊಂಡು ತೊಗೋಬೇಡ. ಹೆದರಿಕೊಂಡು ಹೋದವನ ಮುಖ ನೋಡಿದ ತಕ್ಷಣ ಡೀಲರ್‌ಗೆ ಗೊತ್ತಾಗುತ್ತೆ. 84 ತಿಂಗಳ ಕಂತು ಅಂತ ಬರೆದಿದ್ದೀಯ, ಅದು ಏಳು ವರ್ಷ. ಹೊಸ ಗಾಡಿಗೇ ಅದು ಉದ್ದ ಆಯ್ತು, ಹಳೇ ಗಾಡಿಗೆ ಯಾರು ಕೊಡುತ್ತಾರೆ ಅಂತ ಹುಡುಕಿದೆಯೋ ಏನೋ. ಮೊದಮೊದಲು ಕಟ್ಟುವುದರಲ್ಲಿ ದೊಡ್ಡ ಪಾಲು ಬಡ್ಡಿಗೇ ಹೋಗುತ್ತೆ, ನಡುವೆ ಮಾರಬೇಕು ಅಂದರೆ ಗಾಡಿಯ ಬೆಲೆಗಿಂತ ಸಾಲವೇ ಜಾಸ್ತಿ ಇರಬಹುದು. ಭಯ ಇಲ್ಲದಿದ್ದರೆ ನೀನು ಇದಕ್ಕೆ ಹೂಂ ಅನ್ನುತ್ತಿದ್ದೆಯಾ? ಲೆಕ್ಕದಲ್ಲಿ ನೀನು ನನಗಿಂತ ಚುರುಕು.

ಆ ಕೆಂಪು ಗಾಡಿಯನ್ನೇ ನೋಡುವುದಾದರೆ, ಬೆಳಿಗ್ಗೆ ಹೋಗು. ಎಂಜಿನ್ ತಣ್ಣಗಿರಬೇಕು. ನೀನು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ವಾಪಸ್ ಬಾ. ಬಾನೆಟ್ ಎತ್ತಿ ಆ ಫಲಕ ನೋಡುವುದು ಬಿಟ್ಟು ಕಿವಿ ಕೊಡು. ಹೆಮಿಯಲ್ಲಿ ಟಿಕ್ ಟಿಕ್ ಅಂತ ಒಂದು ಸದ್ದು ಬರುವುದು ಹೆಸರುವಾಸಿ. ತಣ್ಣಗಿದ್ದಾಗ ಬಂದು ಬಿಸಿಯಾಗುತ್ತಿದ್ದ ಹಾಗೆ ನಿಂತರೆ ಸಾಮಾನ್ಯವಾಗಿ ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಬೋಲ್ಟ್ ಮುರಿದಿರುತ್ತೆ, ಅದು ಖರ್ಚು, ಆದರೆ ತಡೆದುಕೊಳ್ಳುವಂಥದ್ದು. ಬಿಸಿಯಾದ ಮೇಲೂ ಬಡಿಯುತ್ತಲೇ ಇದ್ದರೆ ಎಂಜಿನ್ ಒಳಗಿನ ಲಿಫ್ಟರ್ ಕೆಟ್ಟಿರಬಹುದು, ಅದು ಪಕ್ಕದ ಕ್ಯಾಮ್‌ಶಾಫ್ಟನ್ನೂ ಸವೆಸಿ ತಿನ್ನುತ್ತೆ, ಆ ಗಾಡಿ ಬೇಡ. ಹಿಂದಿನ ಎರಡು ಟೈರ್ ಮಾತ್ರ ಹೊಸದು, ಮುಂದಿನವು ಹಳೇವು ಅಂದರೆ ಹಿಂದಿನ ಯಜಮಾನ ರಸ್ತೆಯಲ್ಲಿ ಹೊಗೆ ಎಬ್ಬಿಸಿಕೊಂಡು ತಿರುಗಿರಬಹುದು. ಟೆಕ್ಸಸ್ ಗಾಡಿ ಆದ್ದರಿಂದ ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡು, ಪ್ರವಾಹದಲ್ಲಿ ಮುಳುಗಿದ ಗಾಡಿಯ ಕೆಸರಿನ ಗುರುತು ಅಲ್ಲಿ ಉಳಿದಿರುತ್ತೆ. ದುಡ್ಡು ಕೊಟ್ಟು ಬೇರೆ ಮೆಕ್ಯಾನಿಕ್ ಹತ್ತಿರ ತೋರಿಸು, ಮಾರುವವನ ಮೆಕ್ಯಾನಿಕ್ ಅಲ್ಲ. ಇದೆಲ್ಲ ನಿನಗೆ ಗೊತ್ತಿರಬಹುದು, ಯೂಟ್ಯೂಬಿನಲ್ಲಿ ನೋಡಿರುತ್ತೀಯ, ಸುಮ್ನೆ ಬರೆದೆ.

ಇನ್ಶೂರೆನ್ಸ್ ಬಗ್ಗೆ ನೀನು ಒಂದು ಅಕ್ಷರ ಬರೆದಿಲ್ಲ. ಡಾಡ್ಜ್‌ನ ಈ ಗಾಡಿಗಳು ಕಳುವಾಗುವುದು ಜಾಸ್ತಿ. ಇನ್ಶೂರೆನ್ಸ್‌ನವರಿಗೆ ಅದು ನಿನಗಿಂತ ಚೆನ್ನಾಗಿ ಗೊತ್ತು. ಅಡ್ವಾನ್ಸ್ ಕೊಡುವ ಮೊದಲು ವಿನ್ ನಂಬರ್, ಅಂದರೆ ಗಾಡಿಯ ಗುರುತಿನ ನಂಬರ್, ಹೇಳಿ ತಿಂಗಳಿಗೆ ಎಷ್ಟಾಗುತ್ತೆ ಕೇಳು. ಮಸ್ಟಾಂಗಿಗೂ ಕೇಳು. ಒಂದೊಂದ್ಸಲ ಆ ಒಂದು ಫೋನಿನಲ್ಲೇ ಯಾವ ಗಾಡಿ ಅನ್ನುವುದು ತೀರ್ಮಾನ ಆಗಿಬಿಡುತ್ತೆ. ಹೊಸದಾ ಹಳೇದಾ ಅಂತ ಕೇಳಿದೆಯಲ್ಲ, ನನ್ನ ಹತ್ತಿರ ಇರುವ ಉತ್ತರ ಇಷ್ಟೇ, ಕ್ಷಮಿಸು.

ಮಸ್ಟಾಂಗ್ ತೊಗೊಂಡರೆ ಯಾವ ಟೈರ್ ಹಾಕಿದ್ದಾರೆ ನೋಡು. ಬೇಸಿಗೆ ಟೈರ್ ಇದ್ದರೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗುತ್ತೆ. ಡಲ್ಲಾಸ್ ಕಡೆ ಚಳಿ ಇಲ್ಲ ಅನ್ನಬೇಡ, ಜನವರಿಯಲ್ಲಿ ಐಸ್ ಬಿದ್ದಾಗ ಏನಾಗುತ್ತೆ ಅಂತ ಟಿವಿಯಲ್ಲಿ ನೋಡಿದ್ದೀನಿ.

ಈ ಶನಿವಾರ ಮಾತ್ರ ಸಹಿ ಹಾಕಬೇಡ. ಒಂದೇ ಒಂದು ವಾರ ತಡಿ. ಅದೇ ಗಾಡಿ ಹೋಯ್ತು ಅಂತಿಟ್ಟುಕೋ, ನಿನಗೆ ಬೇಜಾರಾಗುತ್ತೆ, ನನ್ನನ್ನು ಬೈದುಕೋ. ಮುಂದಿನ ವಾರವೂ ಅದು ಬೇಕು ಅನ್ನಿಸಿದರೆ, ಮುಗಿಯುತ್ತೆ ಅಂತ ಅಲ್ಲದೆ ಬೇಕು ಅಂತಲೇ ಅನ್ನಿಸಿದರೆ, ಫೋನ್ ಮಾಡು. ನಾನೇ ಬಂದು ಜೊತೆಗೆ ನೋಡುತ್ತೇನೆ, ಟಿಕೆಟ್ ಖರ್ಚು ನನ್ನದು. ನಿಮ್ಮಪ್ಪನ ಜೊತೆ ಮಾತಾಡುವುದೂ ನನಗೇ ಬಿಡು.

ವಿನ್ ನಂಬರ್ ಇವತ್ತೇ ಕಳಿಸು. ಟೈರಿನ ಫೋಟೋನೂ.

ನಿನ್ನ ಮಾವ